ಬೂದಿಯ ಲಗಾಮಿನಲ್ಲಿ ಯಾರ ಕೈ?

ಮರಳಿನ ಅಂಗಳದ ಸುತ್ತ ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರೂ ಕುದುರೆಯ ಮೇಲಿದ್ದವಳ ಮುಖ ಗಂಟಿಕ್ಕಿಕೊಂಡೇ ಇತ್ತು. ಬೂದಿ ಎಂದು ಎಲ್ಲರೂ ಕರೆಯುತ್ತಿದ್ದ ಆ ಬೂದುಬಣ್ಣದ ಹೆಣ್ಣು ಕುದುರೆ ಮೂಲೆ ತಿರುಗುತ್ತಲೇ ಕುಲುಕು ಓಟ ಬಿಟ್ಟು ಕ್ಯಾಂಟರ್ ಎಂಬ ನೆಗೆತದ ಓಟಕ್ಕೆ ಎದ್ದಿತ್ತು. ನೋಡಿದವರಿಗೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಕಂಡಿತು. ಆದರೆ ಸವಾರಳು ಇನ್ನೂ ಕಾಲು ಒತ್ತಿರಲಿಲ್ಲ. ಅವಳು ಕೇಳುವ ಮೊದಲೇ ಕುದುರೆ ಉತ್ತರ ಕೊಟ್ಟಿತ್ತು.

ಅವಳು ಕೆಳಗಿಳಿದು ಕುದುರೆಯ ಕತ್ತಿನ ಮೇಲೆ ಕೈಯಿಟ್ಟಳು. ಚರ್ಮ ಸಣ್ಣಗೆ ಅದುರುತ್ತಿತ್ತು.

"ಯಾರೇ ಕಲಿಸಿದ್ದು ನಿನಗಿದನ್ನ?" ಎಂದು ಮೆಲ್ಲಗೆ ಕೇಳಿದಳು. ಬೇಲಿಯಾಚೆ ನಿಂತಿದ್ದವರು ಅವಳು ಕುದುರೆಯನ್ನು ಮುದ್ದು ಮಾಡುತ್ತಿದ್ದಾಳೆ ಅಂದುಕೊಂಡರು.

ಲಾಯದವರು ಎದುರಿಗೆ ಅವಳನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಗುಮಾನಿ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಯಾರಾದರೂ ನಕ್ಕು ನಮಸ್ಕಾರ ಹೇಳಿದರೆ ಇವರಿಗೆ ನನ್ನಿಂದ ಏನಾಗಬೇಕಿದೆ ಎಂದು ಮೊದಲು ಯೋಚಿಸಿ ಆಮೇಲೆ ನಮಸ್ಕಾರ ಹೇಳುವವಳು ಅವಳು. ಈ ಗುಣ ಅಮ್ಮನಿಂದ ಬಂದದ್ದು. ಅವಳ ಅಪ್ಪ ಲಾರಿ ಓಡಿಸುತ್ತಿದ್ದವರು. ದೂರದ ಬಾಡಿಗೆ ಎಂದು ಹೋದಾಗಲೆಲ್ಲ ಅವರು ಇನ್ನೊಂದು ಮನೆಗೆ, ಇನ್ನೊಬ್ಬ ಹೆಂಡತಿಯ ಹತ್ತಿರಕ್ಕೆ ಹೋಗುತ್ತಿದ್ದರು ಎಂಬುದು ಮಗಳು ಶಾಲೆಗೆ ಸೇರುವ ಹೊತ್ತಿಗೆ ಬಯಲಾಯಿತು. ಅವತ್ತಿನಿಂದ ಅಮ್ಮ ಹಾಲಿನವನ ಅಳತೆಯನ್ನೂ ನಂಬಲಿಲ್ಲ, ಡಾಕ್ಟರ ಔಷಧಿಯನ್ನೂ ನಂಬಲಿಲ್ಲ. ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು, ಬೀದಿಯಲ್ಲಿ ಯಾರು ಹೋದರು ಯಾರು ಬಂದರು ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತ ಮಗಳನ್ನು ಸಾಕಿದಳು.

ಸವಾರಿ ಶಾಲೆಯವರಿಗೆ ಜೀನಿನ ಕೆಳಗೆ ಹಾಕುವ ದಪ್ಪ ಹಾಸುಗಳನ್ನು ಹೊಲಿದು ಕೊಡುತ್ತಿದ್ದವಳು ಇದೇ ಅಮ್ಮ. ಹಾಸುಗಳ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು ಲಾಯಕ್ಕೆ ಹೋಗುತ್ತಿದ್ದ ಹುಡುಗಿ ಒಂದು ದಿನ ಅಲ್ಲೇ ನಿಂತುಬಿಟ್ಟಳು. ಅಂಗಳದಲ್ಲಿ ಕುದುರೆಯೊಂದು ಅಡ್ಡಡ್ಡ ನಡೆಯುತ್ತಿತ್ತು. ಕಾಲಿಗೆ ಕಾಲು ದಾಟಿಸುತ್ತ ನೀರಿನ ಮೇಲೆ ತೇಲಿದಂತೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು. ಮೇಲೆ ಕೂತ ಮುದುಕ ಏನೂ ಮಾಡುತ್ತಿದ್ದಂತೆ ಕಾಣಲಿಲ್ಲ.

"ಇದಕ್ಕೇನು ಅಂತಾರೆ?" ಎಂದು ಹುಲ್ಲು ಹಾಕುತ್ತಿದ್ದವರನ್ನು ಕೇಳಿದಳು.

"ಡ್ರೆಸಾಜ್ ಅಂತಾರೆ ಮಗಳೇ. ನಮ್ಮ ಬಾಯಲ್ಲಿ ನಡಿಗೆ ಪಾಠ. ಓಡೋದಿಲ್ಲ, ಬೇಲಿ ಹಾರೋದಿಲ್ಲ. ಹೇಳಿದ ಹೆಜ್ಜೆ ಹೇಳಿದ ಜಾಗದಲ್ಲಿ ಇಡಬೇಕು. ಹೇಳಿದ್ದು ಯಾರಿಗೂ ಕಾಣಬಾರದು."

ಹಾಗೆ ಹೇಳಿದವರನ್ನು ಇಡೀ ಲಾಯ ಚಿಕ್ಕಪ್ಪ ಎಂದು ಕರೆಯುತ್ತಿತ್ತು. ಕುದುರೆಗಳ ಮೈ ಉಜ್ಜುವುದು, ಗೊರಸು ತೊಳೆಯುವುದು, ಜೀನಿನ ಚರ್ಮಕ್ಕೆ ಎಣ್ಣೆ ಹಚ್ಚುವುದು ಅವರ ಕೆಲಸ. ಕುದುರೆಯ ಮೇಲೆ ಕೂತಿದ್ದ ಮುದುಕರು ಶಾಲೆಯ ಮೇಷ್ಟ್ರು. ಮೊಣಕಾಲು ಸವೆದು ನೆಲದ ಮೇಲೆ ಕುಂಟುತ್ತಿದ್ದರು, ಜೀನಿನ ಮೇಲೆ ಕೂತರೆ ಮಾತ್ರ ಹರೆಯ ಬರುತ್ತಿತ್ತು.

ಶಾಲೆ ಮುಗಿಸಿದ ಮೇಲೆ ಅವಳು ಲಾಯದಲ್ಲಿ ಸಗಣಿ ಬಾಚುವ ಕೆಲಸಕ್ಕೆ ಸೇರಿದಳು. ಮೇಷ್ಟ್ರು ಒಂದು ದಿನ ಅವಳನ್ನು ಹಳೆಯ ಕುದುರೆಯ ಮೇಲೆ ಕೂರಿಸಿ, ಇನ್ನು ಮುಂದೆ ಬೆಳಗ್ಗೆ ಬಾ ಎಂದರು. ಸುದ್ದಿ ಕೇಳಿ ಅಮ್ಮ ಯಂತ್ರ ನಿಲ್ಲಿಸಿದಳು.

"ಬಿಟ್ಟಿಯಾಗಿ ಯಾಕೆ ಕಲಿಸ್ತಾರಂತೆ?"

"ನಾನು ಚೆನ್ನಾಗಿ ಕೂರ್ತೀನಂತೆ ಅಮ್ಮ."

"ಹೊಗಳಿದ್ರಾ? ಹಾಗಾದ್ರೆ ಇನ್ನೂ ಹುಷಾರಾಗಿರು."

ಹುಷಾರಾಗಿಯೇ ಇದ್ದಳು. ಆ ಎಚ್ಚರ ಕುದುರೆಗಳ ವಿಷಯದಲ್ಲಿ ಅವಳ ಕೈ ಹಿಡಿಯಿತು. ಬೇರೆ ಸವಾರರು ಕುದುರೆ ಹೇಳಿದ್ದು ಮಾಡಿದರೆ ಸಾಕು ಎಂದು ಹಿಗ್ಗುವಾಗ ಅವಳು ಯಾಕೆ ಮಾಡಿತು ಎಂದು ಯೋಚಿಸುತ್ತಿದ್ದಳು. ಅರ್ಥವಾಗಿ ಮಾಡಿತೋ, ಹೆದರಿ ಮಾಡಿತೋ, ಎಡಗಾಲು ನೋಯುತ್ತಿದೆ ಎಂದು ಬಲಕ್ಕೆ ವಾಲಿತೋ? ಹೀಗೆ ಕೆದಕಿ ಕೆದಕಿ ನೋಡುವವಳ ಕೈಗೆ ಸಿಕ್ಕ ಕುದುರೆಗಳು ನಿಧಾನವಾಗಿ ಕಲಿತರೂ ಕಲಿತದ್ದನ್ನು ಮರೆಯುತ್ತಿರಲಿಲ್ಲ. ವರ್ಷಗಳು ಕಳೆದಂತೆ ಮೇಷ್ಟ್ರು ಮರಿಗಳನ್ನು ಅವಳಿಗೆ ಒಪ್ಪಿಸಿದರು, ಆಮೇಲೆ ಮೊಂಡು ಕುದುರೆಗಳನ್ನು, ಕೊನೆಗೆ ಬೂದಿಯನ್ನು.

ಬೂದಿ ಶಾಲೆಯದಲ್ಲ. ಅದರ ಒಡತಿ ಪೇಟೆಯಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟುಕೊಂಡಿದ್ದ ಡಾಕ್ಟರಮ್ಮ. ಸಣ್ಣ ವಯಸ್ಸಿನಲ್ಲಿ ಸವಾರಿ ಮಾಡುತ್ತಿದ್ದವರು, ಒಮ್ಮೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬಿಟ್ಟಿದ್ದರು. "ನಾನು ಹತ್ತಲ್ಲಪ್ಪ. ನೀವು ಓಡಿಸಿ, ನಾನು ಬೇಲಿ ಹತ್ತಿರ ನಿಂತು ನೋಡ್ತೀನಿ," ಎಂದು ಮೊದಲ ದಿನವೇ ಹೇಳಿದ್ದರು. ಅಷ್ಟು ಒಳ್ಳೆಯ ಕುದುರೆಯನ್ನು, ಅದರ ಮೇಲೆ ಮಳೆಗಾಲ ಕಳೆದ ಮೇಲಿನ ದೊಡ್ಡ ಸ್ಪರ್ಧೆಯನ್ನು, ಮೇಷ್ಟ್ರು ತಮ್ಮ ಹಳೆಯ ಶಿಷ್ಯರನ್ನೆಲ್ಲ ಬಿಟ್ಟು ತನಗೇ ಯಾಕೆ ವಹಿಸಿದರು ಎಂದು ಗುಮಾನಿ ಒಂದು ವಾರ ನಿದ್ದೆಗೆಟ್ಟಳು. ಏನೋ ಐಬು ಇರಲೇಬೇಕು ಎಂದು ಕುದುರೆಯ ಕಣ್ಣು, ಗೊರಸು, ಬೆನ್ನೆಲುಬು ಎಲ್ಲವನ್ನೂ ತಡಕಿದಳು. ಐಬೇನೂ ಸಿಗಲಿಲ್ಲ. ಶಾಲೆಯ ಬೇರೆ ಸವಾರರು ಅದೇ ವಾರ ಅವಳ ಬಗ್ಗೆಯೇ ಗುಸುಗುಸು ಎನ್ನುತ್ತಿದ್ದರು. ಮೇಷ್ಟ್ರಿಗೆ ಅದೇನು ಮದ್ದು ಹಾಕಿದಳೋ ಎನ್ನುವುದು ಅವರ ಅನುಮಾನ.

ಅಂತಹ ಬೂದಿ ಈಗ ಕೇಳುವ ಮೊದಲೇ ಓಡಲು ಶುರುಮಾಡಿತ್ತು.

ಮರುದಿನ ಲಗಾಮು ಹಾಕುವಾಗ ಅದು ತಲೆ ಎತ್ತಿ ದೂರ ಸರಿಯಿತು. ತುಟಿ ಸರಿಸಿ ನೋಡಿದರೆ ಬಾಯಿಯ ಎಡಮೂಲೆ ಕೆಂಪಗಾಗಿತ್ತು. ಬಾಯೊಳಗಿನ ಕಬ್ಬಿಣದ ಕಡಿವಾಣವನ್ನು ಯಾರೋ ಜಗ್ಗಿ ಎಳೆದ ಗುರುತು ಅದು. ಅವಳ ಕೈ ಹಾಗೆ ಜಗ್ಗುವ ಕೈಯಲ್ಲ. ಜೀನು ಬಿಗಿದು ಮೇಲೆ ಹತ್ತಿದರೆ ಪಾದ ಇಡುವ ರಿಕಾಪುಗಳಲ್ಲಿ ಕಾಲು ಮೇಲಕ್ಕೆ ಬಂತು. ಪಟ್ಟಿಗಳು ಒಂದು ತೂತು ಗಿಡ್ಡವಾಗಿದ್ದವು. ಅವಳಿಗಿಂತ ಕುಳ್ಳಗಿನ ಯಾರೋ ಈ ಜೀನಿನ ಮೇಲೆ ಕೂತಿದ್ದರು.

ಯಾರಿಗೂ ಹೇಳದೆ ಪಟ್ಟಿಗಳನ್ನು ಮತ್ತೆ ಉದ್ದ ಮಾಡಿಕೊಂಡಳು. ಬೆಳಗಿನ ಪಾಠ ಮುಗಿಸಿ ಮಧ್ಯಾಹ್ನ ಊರಿನ ಆಚೆ ತುದಿಯ ಮಕ್ಕಳ ಸವಾರಿ ತರಗತಿಗೆ ಅವಳು ಹೋಗುತ್ತಿದ್ದಳು. ಸಂಜೆ ತಿರುಗಿ ಬರುವವರೆಗೆ ಬೂದಿಯ ಮೇಲೆ ಅವಳ ಕಣ್ಣಿರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಊಟಕ್ಕೆ ಹೋಗಿ ಲಾಯ ಖಾಲಿಯಾಗುತ್ತದೆ. ಜೀನಿನ ಕೋಣೆಯ ಬೀಗದ ಕೈ ಚಿಕ್ಕಪ್ಪನ ಸೊಂಟದಲ್ಲಿ ಇರುತ್ತದೆ.

ಚಿಕ್ಕಪ್ಪನನ್ನು ಗಮನಿಸತೊಡಗಿದಳು. ಹೌದು, ಮನುಷ್ಯ ಬದಲಾಗಿದ್ದರು. ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಬೂದಿಗೆ ಬೇಕಿಲ್ಲದ ಹೊತ್ತಿನಲ್ಲಿ ಕ್ಯಾರೆಟ್ ತಿನ್ನಿಸುತ್ತಿದ್ದರು. ಮಧ್ಯಾಹ್ನ ಮನೆಗೆ ಹೋಗುತ್ತಿದ್ದವರು ಈಗ ಬುತ್ತಿ ತಂದು ಲಾಯದಲ್ಲೇ ಉಣ್ಣುತ್ತಿದ್ದರು. "ಮನೇಲಿ ಸೆಖೆ ಮಗಳೇ," ಎಂದರು ಕೇಳಿದಾಗ. ತಗಡಿನ ಮಾಡಿನ ಲಾಯಕ್ಕಿಂತ ಸೆಖೆಯ ಮನೆ ಯಾವುದಿರಬಹುದು?

ಕೊನೆಗೊಂದು ಬೆಳಗ್ಗೆ, ರಿಕಾಪು ಮತ್ತೆ ಗಿಡ್ಡವಾಗಿದ್ದು ಕಂಡಾಗ, ಅವಳಿಗೆ ತಡೆಯಲಾಗಲಿಲ್ಲ. ಜೀನಿನ ಕೋಣೆಯಲ್ಲಿ ಬೇರೆ ಸವಾರರೂ ಇದ್ದರು. ಚಿಕ್ಕಪ್ಪ ಮೂಲೆಯಲ್ಲಿ ಕೂತು ಚರ್ಮದ ಪಟ್ಟಿಗೆ ಎಣ್ಣೆ ಹಚ್ಚುತ್ತಿದ್ದರು.

"ಚಿಕ್ಕಪ್ಪ, ನಾನಿಲ್ಲದಾಗ ಬೂದಿ ಮೇಲೆ ಯಾರು ಕೂರ್ತಾರೆ?"

ಎಣ್ಣೆಯ ಬಟ್ಟೆ ನಿಂತಿತು. "ಅದನ್ನ ನನ್ನ ಕೇಳ್ಬೇಡ."

"ಮತ್ತಿನ್ಯಾರನ್ನ ಕೇಳ್ಲಿ? ಬೀಗದ ಕೈ ನಿಮ್ಮ ಹತ್ರ ತಾನೇ ಇರೋದು?"

"ನಾನು ಕುದುರೆಗೆ ಕೆಟ್ಟದ್ದು ಮಾಡೋನಾ?"

"ಮಾಡ್ತೀರೋ, ಮಾಡಿಸ್ತೀರೋ, ಯಾರಿಗೆ ಗೊತ್ತು? ಸ್ಪರ್ಧೆ ಹತ್ರ ಬಂದಿದೆ. ನಿಮ್ಮ ಕೈ ಬೆಚ್ಚಗೆ ಮಾಡೋರು ಈ ಊರಲ್ಲಿ ಇಲ್ವಾ?"

ಅಂದ ಮೇಲೆ ಅವಳಿಗೇ ಕಿವಿ ಬಿಸಿಯಾಯಿತು. ಆದರೆ ಬಾಯಿಂದ ಜಾರಿದ್ದನ್ನು ನುಂಗಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಚಿಕ್ಕಪ್ಪ ಎದ್ದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು.

"ತಗೋ. ಇನ್ಮೇಲೆ ನೀನೇ ಹಾಕ್ಕೋ, ನೀನೇ ತೆಗ್ಕೋ."

ಅವತ್ತೇ ಕೆಲಸ ಬಿಟ್ಟರು. ಮೇಷ್ಟ್ರು ಮನೆಗೇ ಹೋಗಿ ಕರೆದರೂ ಬರಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಲಾಯದಲ್ಲಿ ಅವಳನ್ನು ಅಕ್ಕ ಎನ್ನುತ್ತಿದ್ದವರು ಒಂದಷ್ಟು ದಿನ ಏನೂ ಎನ್ನದೆ ಓಡಾಡಿದರು. ಅವಳು ತಪ್ಪು ಮಾಡಿದೆನಾ ಎಂದು ಯೋಚಿಸಿದಳು. ಆಮೇಲೆ ಬೂದಿಯ ಬಾಯಿ ನೋಡಿದಳು. ಕೆಂಪು ಇಳಿದಿತ್ತು, ರಿಕಾಪು ಸರಿಯಾಗಿತ್ತು, ಕುದುರೆ ಕೇಳಿದ ಮೇಲೆಯೇ ಹೆಜ್ಜೆ ಎತ್ತುತ್ತಿತ್ತು. ಸರಿ, ಕಳ್ಳ ಅವರೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಒಂದು ಸಂಜೆ ತಿರುಗಿ ಬಂದು ನೋಡುತ್ತಾಳೆ, ಬೂದಿಯ ಬಾಯಿಯ ನೊರೆಯಲ್ಲಿ ರಕ್ತ. ಎರಡೂ ಮೂಲೆಗಳಲ್ಲಿ ಚರ್ಮ ಹರಿದಿತ್ತು. ಕಿವಿಯ ಹಿಂದೆ ಬೆವರು ಒಣಗಿ ಉಪ್ಪಿನ ಗೆರೆ ಮೂಡಿತ್ತು. ಜೀನಿನ ಕೋಣೆಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು.

ಆ ಬೀಗಕ್ಕೆ ಇನ್ನೊಂದು ಕೈ ಇರುವುದು ಇಡೀ ಶಾಲೆಯಲ್ಲಿ ಒಬ್ಬರ ಹತ್ತಿರ ಮಾತ್ರ. ಮೇಷ್ಟ್ರು!

ಈ ಯೋಚನೆ ಬಂದಾಗ ಅವಳು ಹುಲ್ಲಿನ ಕಟ್ಟಿನ ಮೇಲೆ ಕೂತಳು. ಎಲ್ಲರನ್ನೂ ಅನುಮಾನಿಸಿದ್ದ ಅವಳು ಮೇಷ್ಟ್ರನ್ನು ಮಾತ್ರ ಯಾವತ್ತೂ ಅನುಮಾನಿಸಿರಲಿಲ್ಲ. ಆದರೆ ಒಮ್ಮೆ ಹುಳ ಹೊಕ್ಕ ತಲೆ ಸುಮ್ಮನಿರುತ್ತದೆಯೇ? ಮೇಷ್ಟ್ರು ಈಚೆಗೆ ಹೊರಗಿನವರನ್ನು ಕರೆತಂದು ಬೂದಿಯನ್ನು ತೋರಿಸುತ್ತಿದ್ದರಲ್ಲ, ಯಾಕೆ? ಕುದುರೆ ಬೇಗ ಬೇಗ ಕಲಿತರೆ ಯಾರಿಗೆ ಲಾಭ? ಅವರ ಮೊಣಕಾಲು ಮಡಚುವುದಿಲ್ಲ ನಿಜ, ಆದರೆ ಬೇರೆ ಯಾರನ್ನೋ ಕೂರಿಸಿ ಓಡಿಸಬಹುದಲ್ಲ?

ಮರುದಿನ ಮಕ್ಕಳ ತರಗತಿಗೆ ಹೋಗಲಿಲ್ಲ. ಸ್ಕೂಟರನ್ನು ಗೇಟಿನ ಪಕ್ಕ ನಿಲ್ಲಿಸಿ, ಬೂದಿಯ ಕೋಣೆಯ ಎದುರಿನ ಹುಲ್ಲಿನ ರಾಶಿಯ ಹಿಂದೆ ಅವಿತು ಕೂತಳು. ಮೂಗಿಗೆ ಧೂಳು ಹೋಗಿ ಸೀನು ಬಂತು, ಅಂಗಿಯ ತೋಳು ಕಚ್ಚಿ ತಡೆದಳು. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಕುಂಟು ಹೆಜ್ಜೆಯ ಸದ್ದಾಯಿತು. ಮೇಷ್ಟ್ರು ಒಬ್ಬರೇ ಬಂದು, ಸುತ್ತ ನೋಡಿ, ಕೋಣೆಯ ಚಿಲಕ ತೆಗೆದರು. ಬೂದಿಯ ಬಾಯಿಗೆ ಬೆರಳಿಟ್ಟು ತುಟಿ ಎತ್ತಿ ಬಹಳ ಹೊತ್ತು ನೋಡಿದರು. ಚಿಲಕ ಹಾಕಿ ಹೋದರು.

ಅವತ್ತು ಸಂಜೆ ಮೇಷ್ಟ್ರೇ ಅವಳನ್ನು ಕರೆದರು.

"ನಿನ್ನ ಕೈ ಗಡುಸಾಗಿದೆ."

"ನನ್ನ ಕೈಯಾ?"

"ಆ ಬಾಯಿ ನೋಡ್ದೆ ನಾನು. ಸ್ಪರ್ಧೆ ಗೆಲ್ಲೋ ಆಸೆಗೆ ಜಗ್ತಾ ಇದ್ದೀಯ. ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ. ಈ ವಾರ ನೋಡ್ತೀನಿ. ಆಮೇಲೆ ಕುದುರೆ ಬೇರೆಯವರಿಗೆ."

ಅವಳು ನೇರ ಮನೆಗೆ ಬಂದು ಅಮ್ಮನ ಯಂತ್ರದ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.

"ತಾವೇ ಮಾಡಿಸಿ ನಿನ್ನ ತಲೆಗೆ ಕಟ್ತಿದ್ದಾರೆ ಕಣೇ. ಕುದುರೆ ಯಾರದ್ದು? ಅವರಿಗೆ ಹೋಗಿ ಹೇಳು. ಕುದುರೆನ ಬೇರೆ ಕಡೆ ಕರ್ಕೊಂಡು ಹೋಗ್ಲಿ."

ಮರುದಿನ ಬೆಳಗ್ಗೆ ಅವಳು ಲಾಯಕ್ಕೆ ಹೋಗದೆ ನೇರ ಹಲ್ಲಿನ ಆಸ್ಪತ್ರೆಗೆ ಹೋದಳು. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಲವಂಗದ ಎಣ್ಣೆಯ ವಾಸನೆ. ಕೆನ್ನೆ ಹಿಡಿದುಕೊಂಡು ಕೂತವರ ಸಾಲಿನ ಕೊನೆಯಲ್ಲಿ ಜಾಗ ಸಿಕ್ಕಿತು. ಒಳಗಿನಿಂದ ಸಣ್ಣ ಯಂತ್ರದ ಗುಂಯ್ ಎನ್ನುವ ಸದ್ದು ಬಂದಾಗಲೆಲ್ಲ ಸಾಲಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವಳ ಸರದಿ ಬಂದಾಗ ಡಾಕ್ಟರಮ್ಮ ಬಾಗಿಲಲ್ಲೇ ಬೆಚ್ಚಿದರು. ಗುಮಾನಿ ಅದನ್ನು ಗಮನಿಸಿದಳು.

"ನೀವಾ? ಬೂದಿಗೆ ಏನಾದ್ರೂ...?"

"ಅದರ ವಿಷಯಾನೇ ಡಾಕ್ಟ್ರೇ. ಸ್ವಲ್ಪ ಮಾತಾಡ್ಬೇಕಿತ್ತು."

"ಹೊರಗೆ ಜನ ಇದ್ದಾರೆ. ಕೂತ್ಕೊಳ್ಳಿ, ಹಲ್ಲು ನೋಡ್ತಾನೇ ಕೇಳಿಸ್ಕೊಳ್ತೀನಿ. ಇಲ್ಲಾಂದ್ರೆ ಸರದಿ ತಪ್ಪಿಸಿ ಯಾರನ್ನೋ ಬಿಟ್ಕೊಂಡ್ರು ಅಂತಾರೆ."

ಬೇಡವೆನ್ನುವಷ್ಟರಲ್ಲಿ ಅವಳು ಆ ಉದ್ದನೆಯ ಕುರ್ಚಿಯಲ್ಲಿ ಒರಗಿದ್ದಳು. ತಲೆಯ ಮೇಲೆ ದೀಪ ಹತ್ತಿತು.

"ಬಾಯಿ ಬಿಡಿ," ಎಂದರು ಡಾಕ್ಟರಮ್ಮ.

ಬಾಯಿ ಬಿಡಲೆಂದೇ ಬಂದಿದ್ದಳು. ಆದರೆ ಬಾಯಿ ತೆರೆದ ಮೇಲೆ ಮಾತು ಹೊರಡಲು ದಾರಿಯೇ ಇರಲಿಲ್ಲ. ಪುಟ್ಟ ಕನ್ನಡಿಯೊಂದು ಕೆನ್ನೆಯ ಒಳಗೆ ಸರಿಯಿತು. ಎಷ್ಟು ಹಗುರವಾಗಿ ಸರಿಯಿತೆಂದರೆ ಅದು ತಾಗಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಕೈಗವಸು ಹಾಕೋದು ಮರ್ತೆ, ತಾಳಿ," ಎಂದು ಡಾಕ್ಟರಮ್ಮ ಕೈ ಹಿಂದಕ್ಕೆ ತೆಗೆದರು. ದೀಪದ ಬೆಳಕು ಆ ಕೈಯ ಮೇಲೆ ನೇರವಾಗಿ ಬಿತ್ತು. ಉಂಗುರದ ಬೆರಳು ಮತ್ತು ಕಿರುಬೆರಳಿನ ನಡುವೆ ಚರ್ಮ ಸುಲಿದು ಬೊಬ್ಬೆ ಎದ್ದಿತ್ತು. ಒಂದು ಹಳೆಯದು, ಒಣಗಿದ್ದು. ಒಂದು ಹಸಿ.

ಊರಿನ ಬೇರೆ ಯಾರು ನೋಡಿದ್ದರೂ ಅದು ಬರೀ ಬೊಬ್ಬೆ. ಸವಾರಿ ಮಾಡುವವರಿಗೆ ಮಾತ್ರ ಗೊತ್ತು, ಲಗಾಮು ಹಾದುಹೋಗುವುದು ಸರಿಯಾಗಿ ಆ ಎರಡು ಬೆರಳುಗಳ ಸಂದಿನಲ್ಲಿ.

ಗುಮಾನಿ ಎದ್ದು ಕೂತು ಡಾಕ್ಟರಮ್ಮನ ಮಣಿಕಟ್ಟು ಹಿಡಿದಳು.

"ಡಾಕ್ಟ್ರೇ, ಇದೇನು?"

"ಏನೋ... ಅಡುಗೆ ಮಾಡುವಾಗ ಸುಟ್ಟಿದ್ದು."

"ಎರಡೂ ಕೈ ತೋರಿಸಿ."

ಡಾಕ್ಟರಮ್ಮ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅಷ್ಟು ವಯಸ್ಸಾದವರು, ಬಿಳಿ ಕೋಟು ಹಾಕಿದವರು, ಬೆಲ್ಲ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತರು. ಆಮೇಲೆ ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡರು.

"ನನಗೆ ಹತ್ತಬೇಕು ಅನ್ನಿಸ್ತು. ನೀವು ಅದರ ಮೇಲೆ ಹಾಗೆ ಕೂತು ಹೋಗೋದು ನೋಡಿ ನೋಡಿ... ಇಷ್ಟು ವರ್ಷ ಆದ್ಮೇಲೆ. ನಿಮ್ಮನ್ನ ಕೇಳೋಕೆ ಧೈರ್ಯ ಬರ್ಲಿಲ್ಲ."

"ನಿಮ್ಮ ಕುದುರೆ ಅದು. ನನ್ನನ್ನ ಕೇಳೋದೇನಿತ್ತು?"

"ನೀವು ನೋಡೋ ರೀತಿ ಇದೆಯಲ್ಲ. ಯಾರು ಕುದುರೆ ಹತ್ರ ಹೋದ್ರೂ ಕಳ್ಳರನ್ನ ನೋಡಿದ ಹಾಗೆ ನೋಡ್ತೀರಿ. ನಾನು ಬಿದ್ದರೆ, ತಪ್ಪು ಮಾಡಿದ್ರೆ, ಆ ಕಣ್ಣಿನ ಎದುರಿಗೆ ಬೇಡಪ್ಪಾ ಅನ್ನಿಸ್ತು."

ಮಧ್ಯಾಹ್ನ ಆಸ್ಪತ್ರೆ ಮುಚ್ಚಿದ ಹೊತ್ತಿನಲ್ಲಿ ಅವರು ಲಾಯಕ್ಕೆ ಬರುತ್ತಿದ್ದರು. ಮೊದಲು ಚಿಕ್ಕಪ್ಪ ಉದ್ದನೆಯ ಹಗ್ಗದಲ್ಲಿ ಬೂದಿಯನ್ನು ಹಿಡಿದುಕೊಂಡು, ಅವರನ್ನು ಮೇಲೆ ಕೂರಿಸಿ, ಸುತ್ತ ತಿರುಗಿಸುತ್ತಿದ್ದರು. ಡಾಕ್ಟರಮ್ಮನ ಕೈ ಹೆದರಿಕೆಗೆ ಬಿಗಿಯಾದಾಗಲೆಲ್ಲ ಚಿಕ್ಕಪ್ಪ ಗದರಿ ಸಡಿಲಿಸುತ್ತಿದ್ದರು. ಚಿಕ್ಕಪ್ಪ ಕೆಲಸ ಬಿಟ್ಟ ಮೇಲೆ ಡಾಕ್ಟರಮ್ಮ ಹೆದರಿ ಕೆಲವು ದಿನ ಬರಲಿಲ್ಲ. ಆಮೇಲೆ ಆಸೆ ತಡೆಯಲಿಲ್ಲ. ಜೀನಿನ ಕೋಣೆಯ ಬೀಗದ ಕೈ ಈಗ ಗುಮಾನಿಯ ಸೊಂಟ ಸೇರಿತ್ತು, ಹಾಗಾಗಿ ಮನೆಯ ಅಟ್ಟದಲ್ಲಿದ್ದ ತಮ್ಮ ಹಳೆಯ ಜೀನನ್ನೂ ತೆಳ್ಳಗಿನ ಹಳೆಯ ಕಡಿವಾಣವನ್ನೂ ಕಾರಿನಲ್ಲಿ ತಂದರು. ತೆಳ್ಳಗಿನ ಕಬ್ಬಿಣ, ಹೆದರಿದ ಕೈ. ಬಾಯಿ ಹರಿಯಿತು.

"ರಕ್ತ ಬಂದದ್ದು ನನಗೆ ಕಾಣ್ಲಿಲ್ಲ. ಬೇಗ ಬೇಗ ಇಳಿದು ಓಡ್ಬಿಟ್ಟೆ. ಮಾರನೇ ದಿನ ಮತ್ತೆ ಬಂದೆ. ಗೇಟಿನ ಹತ್ರ ನಿಮ್ಮ ಸ್ಕೂಟರ್ ನೋಡಿ ಹಾಗೇ ವಾಪಸ್ ಹೋದೆ."

ಹುಲ್ಲಿನ ಧೂಳು ಕುಡಿಯುತ್ತ ಅವಿತು ಕೂತದ್ದು ನೆನಪಾಗಿ ಗುಮಾನಿಗೆ ನಗು ಬರಬೇಕಿತ್ತು. ಬರಲಿಲ್ಲ. ಕೋಪವೂ ಬರಬೇಕಾದಷ್ಟು ಬರಲಿಲ್ಲ. ಅವಳ ಮನಸ್ಸು ಕೆನ್ನೆಯ ಒಳಗೆ ಸರಿದ ಆ ಕನ್ನಡಿಯ ಹತ್ತಿರವೇ ನಿಂತಿತ್ತು.

"ಡಾಕ್ಟ್ರೇ, ಈಗ ನನ್ನ ಬಾಯಿಗೆ ಕನ್ನಡಿ ಹಾಕಿದ್ರಲ್ಲ, ಅದನ್ನ ಹೇಗೆ ಹಿಡ್ಕೊಂಡಿದ್ರಿ?"

"ಹೇಗೆ ಅಂದ್ರೆ? ಹೀಗೆ."

"ಅದನ್ನ ಯಾಕೆ ಜಗ್ಗಲ್ಲ?"

"ಪಾಪ, ನೋಯುತ್ತಲ್ಲ."

ಹೇಳಿದ ಮಾತು ಡಾಕ್ಟರಮ್ಮನಿಗೇ ತಿರುಗಿ ಬಡಿಯಿತು. ಊರಿನ ಬಾಯಿಗಳನ್ನೆಲ್ಲ ನೋಯಿಸದೆ ನೋಡುವವರು ತಮ್ಮದೇ ಕುದುರೆಯ ಬಾಯಿ ಹರಿದಿದ್ದರು. ಕಣ್ಣಲ್ಲಿ ನೀರು ಬಂತು. ಹೊರಗೆ ಯಾರೋ ಬಾಗಿಲು ತಟ್ಟಿ, "ಇನ್ನೂ ಎಷ್ಟು ಹೊತ್ತಮ್ಮಾ?" ಎಂದರು.

ಆ ವರ್ಷ ಬೂದಿ ಸ್ಪರ್ಧೆಗೆ ಹೋಗಲಿಲ್ಲ. ಗಾಯ ಮಾಯುವವರೆಗೆ ಅದರ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಗುಮಾನಿ ಹಟ ಹಿಡಿದಳು. ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದಳು, ತಾನು ಅವರನ್ನೇ ಅನುಮಾನಿಸಿ ಹುಲ್ಲಿನ ಹಿಂದೆ ಕೂತದ್ದನ್ನೂ ಸೇರಿಸಿ. ಮೇಷ್ಟ್ರು ಮೊಣಕಾಲು ತಿಕ್ಕಿಕೊಂಡರು.

"ನಾನು ನಿನ್ನ ಕೈನ ಅನುಮಾನಿಸ್ದೆ, ನೀನು ನನ್ನನ್ನ ಅನುಮಾನಿಸ್ದೆ. ಸಮ ಸಮ. ಹೋಗು, ಕೆಲಸ ನೋಡು. ಆದ್ರೆ ಮೊದಲು ಅವನ ಹತ್ರ ಹೋಗಿ ಬಾ."

ಚಿಕ್ಕಪ್ಪ ಊರಾಚೆಯ ಇನ್ನೊಂದು ಸವಾರಿ ಶಾಲೆಯಲ್ಲಿ ಕೆಲಸಕ್ಕಿದ್ದರು. ಅವಳು ಹೋದಾಗ ಒಂದು ಕುದುರೆಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಕೆರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ತಪ್ಪಾಯ್ತು ಚಿಕ್ಕಪ್ಪ. ಎಲ್ಲ ಗೊತ್ತಾಯ್ತು."

"ಗೊತ್ತಾಯ್ತಾ? ಒಳ್ಳೇದು."

"ನನಗೊಂದು ಮಾತು ಹೇಳ್ಬಹುದಿತ್ತಲ್ಲ ನೀವು."

"ಹೇಳ್ಬೇಡ ಅಂತ ಅವರು ಕೇಳ್ಕೊಂಡಿದ್ರು." ಗೊರಸು ಕೆಳಗಿಟ್ಟು ಅವಳನ್ನು ನೋಡಿದರು. "ಸಗಣಿ ಬಾಚೋಕೆ ಬರ್ತಿದ್ದಾಗ ಎಲ್ಲರೂ ಊಟಕ್ಕೆ ಹೋದ ಮೇಲೆ ಒಂದು ಹುಡುಗಿ ಮೇಷ್ಟ್ರ ಕುದುರೆ ಮೇಲೆ ಜೀನಿಲ್ಲದೆ ಕೂರ್ತಿದ್ಲು. ಅದನ್ನೂ ನಾನು ಯಾರಿಗೂ ಹೇಳಿಲ್ಲ. ಮೇಷ್ಟ್ರು ಕೇಳಿದ್ರು, ಕುದುರೆ ಬೆನ್ನಲ್ಲಿ ಕೂದಲು ಯಾಕೆ ಸವೆದಿದೆ ಅಂತ. ಗೋಡೆಗೆ ಉಜ್ಜಿಕೊಳ್ಳುತ್ತೆ ಅಂದೆ."

ಅದು ಅವಳು ಅಮ್ಮನಿಗೂ ಹೇಳದೆ ಇಷ್ಟು ವರ್ಷ ತನ್ನೊಬ್ಬಳದೇ ಎಂದು ಬಚ್ಚಿಟ್ಟುಕೊಂಡಿದ್ದ ವಿಷಯ. ಹಾಗೆ ಕದ್ದು ಕೂತೇ ಅವಳು ಮೊದಲು ಕೂರಲು ಕಲಿತದ್ದು. ನೋಡಿದವರು ಯಾರೂ ಇಲ್ಲವೆಂದೇ ನಂಬಿದ್ದಳು.

"ವಾಪಸ್ ಬನ್ನಿ ಚಿಕ್ಕಪ್ಪ."

"ಇಲ್ಲ ಮಗಳೇ. ಕೈ ಬೆಚ್ಚಗೆ ಅಂದ್ಯಲ್ಲ, ಅದು ಹೋಗಲ್ಲ. ನೀನು ಕೆಟ್ಟವಳಲ್ಲ. ಆದ್ರೂ ಹೋಗಲ್ಲ."

ಅವಳು ಒತ್ತಾಯ ಮಾಡಲಿಲ್ಲ. ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಅತ್ತುಕೊಂಡು ಬಂದಳು. ಅಮ್ಮ ಕಣ್ಣೇಕೆ ಕೆಂಪಗಿದೆ ಎಂದು ಕೇಳಿದಾಗ ಧೂಳು ಎಂದಳು. ಅಮ್ಮ ನಂಬಲಿಲ್ಲ.

ಬೂದಿಯ ಬಾಯಿಯ ಗಾಯ ಮಾಯ್ದ ಮೇಲೆ ಡಾಕ್ಟರಮ್ಮನ ಪಾಠ ಶುರುವಾಯಿತು, ಎಲ್ಲರೂ ನೋಡುತ್ತಿರುವಾಗಲೇ. ಲಗಾಮಿನ ಬದಲು ಎರಡೂ ಕೈಯಲ್ಲಿ ಹಲ್ಲು ನೋಡುವ ಕನ್ನಡಿಗಳನ್ನು ಹಿಡಿದು ಅವರು ಹಗ್ಗಕ್ಕೆ ಕಟ್ಟಿದ ಕುದುರೆಯ ಮೇಲೆ ಸುತ್ತಿದರು. ಉಳಿದ ಸವಾರರು ಬಾಯಿ ಮುಚ್ಚಿಕೊಂಡು ನಕ್ಕರು. ಗುಮಾನಿ ಅತ್ತ ತಿರುಗಿದೊಡನೆ ನಗು ಬತ್ತಿತು. ಬಿದ್ದು ಹೆದರಿದವರು, ವಯಸ್ಸಾದ ಮೇಲೆ ಕಲಿಯಲು ನಾಚುವವರು ಒಬ್ಬೊಬ್ಬರಾಗಿ ಅವಳನ್ನು ಹುಡುಕಿಕೊಂಡು ಬರಲು ಇದೇ ಮೊದಲಾಯಿತು. ಮುಂದಿನ ವರ್ಷ ಬೂದಿಯ ಮೇಲೆ ಕೂತು ಅವಳು ಸ್ಪರ್ಧೆಗೆ ಹೋದಳು. ಗೆಲ್ಲಲಿಲ್ಲ. ಕೊನೆಯ ತಿರುವಿನಲ್ಲಿ ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ಕುದುರೆ ಬೆದರಿತು. ಆದರೆ ತೀರ್ಪುಗಾರರಲ್ಲಿ ಒಬ್ಬರು ಆಮೇಲೆ ಹತ್ತಿರ ಬಂದು, ಇಷ್ಟು ಶಾಂತವಾದ ಬಾಯಿ ಈಚೆಗೆ ನೋಡಿರಲಿಲ್ಲ ಎಂದರು. ಅವರು ಯಾಕೆ ಹಾಗೆ ಹೊಗಳಿದರು ಎಂದು ಅವಳು ದಾರಿಯಲ್ಲಿ ಡಾಕ್ಟರಮ್ಮನನ್ನು ಕೇಳುತ್ತಲೇ ಬಂದಳು.

ಮೇಷ್ಟ್ರು ನಿವೃತ್ತರಾದಾಗ ಅವಳು ಬೇರೆ ಜಾಗ ಹಿಡಿದು ಸ್ವಂತ ಲಾಯ ಶುರುಮಾಡಿದಳು. ಕುದುರೆ ಕೊಳ್ಳುವವರು ಮೊದಲು ಅವಳಿಗೆ ತೋರಿಸಿ ಆಮೇಲೆ ಕೊಳ್ಳುವುದು ರೂಢಿಯಾಯಿತು. ಔಷಧಿ ಕೊಟ್ಟು ಕುದುರೆಯನ್ನು ಸಾಧು ಮಾಡಿ ಮಾರುವ ದಲ್ಲಾಳಿಗಳು ಅವಳ ಹೆಸರು ಕೇಳಿದರೆ ಮುಖ ಹುಳಿ ಮಾಡಿಕೊಳ್ಳುತ್ತಿದ್ದರು. ಗುಮಾನಿ ಎಂಬ ಮಾತನ್ನು ಈಗ ಅವಳ ಎದುರಿಗೇ ಹೇಳುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ. ಆದರೆ ಮನುಷ್ಯರ ಮೇಲೆ ಅನುಮಾನ ಬಂದಾಗ ಒಂದು ದಿನ ತಡೆಯುವುದನ್ನು ಕಲಿತಿದ್ದಳು. ಆ ಒಂದು ದಿನ ಅವಳಿಗೆ ಹಲ್ಲುನೋವಿನಷ್ಟೇ ಕಷ್ಟವಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಗಾಡಿಯೊಂದು ಬಂದು ಕಂದು ಬಣ್ಣದ ಎಳೆಯ ಕುದುರೆಯನ್ನು ಇಳಿಸಿತು. ಚಿಕ್ಕಪ್ಪನ ಶಾಲೆಯದು. "ಇದನ್ನ ಅವಳೇ ತಿದ್ದಲಿ ಅಂತ ಚಿಕ್ಕಪ್ಪ ಹೇಳಿದ್ದಾರೆ," ಎಂದ ಚಾಲಕ.

ಅವಳು ಕುದುರೆಯ ಸುತ್ತ ತಿರುಗಿದಳು. ಗೊರಸು ಎತ್ತಿ ನೋಡಿದಳು, ಹಲ್ಲು ನೋಡಿದಳು, ಎದೆಗೆ ಕಿವಿಯಿಟ್ಟು ಉಸಿರು ಕೇಳಿದಳು, ನಡೆಸಿ ನೋಡಿದಳು. ಎಲ್ಲ ಸರಿಯಾಗಿತ್ತು. ಇಷ್ಟು ಸರಿಯಾಗಿರುವ ಕುದುರೆಯನ್ನು ಅವರು ತನಗೆ ಯಾಕೆ ಕಳಿಸಿದರು? ಒಂದು ದಿನ ತಡೆದಳು. ಮರುದಿನ ಫೋನ್ ಮಾಡಿಯೇಬಿಟ್ಟಳು.

"ಚಿಕ್ಕಪ್ಪ, ನಿಜ ಹೇಳಿ. ಏನು ಇದರ ಐಬು?"

ಆ ಕಡೆ ಅವರು ನಕ್ಕದ್ದು ಕೇಳಿಸಿತು. ಎಷ್ಟೋ ವರ್ಷಗಳ ಮೇಲೆ ಕೇಳಿದ ನಗು.

"ಐಬೂ ಇಲ್ಲ, ಏನೂ ಇಲ್ಲ. ಇಲ್ಲಿ ತಿದ್ದೋರು ಇಲ್ಲ, ಅದಕ್ಕೆ ಕಳಿಸ್ದೆ."

"ಯಾವಾಗಾದ್ರೂ ಬಂದು ನೋಡ್ತೀರಾ?"

"ನೋಡೋಣ."

ನೋಡೋಣ ಎಂದರೆ ಬರುತ್ತೇನೆ ಎಂದೋ, ಬರುವುದಿಲ್ಲ ಎಂದೋ ಎಂದು ಅವಳು ಸಂಜೆಯವರೆಗೂ ತಲೆ ಕೆಡಿಸಿಕೊಂಡಳು. ಭಾನುವಾರ ಚಿಕ್ಕಪ್ಪ ಬಂದರು. ಬೇಲಿಯಾಚೆ ನಿಂತು ಕಂದು ಕುದುರೆಯ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಎಡಗಡೆ ಇನ್ನೂ ಬಿಗಿ ಇದೆ, ನಿಧಾನ ಮಾಡು ಎಂದರು. ಚಹಾಕ್ಕೆ ಕರೆದರೆ ಬೇಡವೆಂದು, ಅವಳ ತಾಯಿಯ ಆರೋಗ್ಯ ಕೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅವಳು ಗೇಟಿನವರೆಗೆ ಜೊತೆಗೆ ನಡೆದಳು. ಮುಂದಿನ ಭಾನುವಾರ ಬನ್ನಿ ಎಂದು ಕರೆಯಬೇಕೆನ್ನುವಷ್ಟರಲ್ಲಿ ಬಸ್ಸು ಬಂತು.